ಎರಡನೇ ಚಾನೆಲ್

“ನಾ ಗೊರಕಿ ಹೊಡೀತೀನ್ರೀ ಹಂಸಮ್ಮ, ಈಗೇ ಹೇಳಿಬಿಡ್ತೀನಿ. ಆಮ್ಯಾಲೆ ಟರ್ಕಿಗೆ ಹೋಗಿ, ಈ ಕಾಶಿಬಾಯಿ ಮೊದಲs ಹೇಳಲಿಲ್ಲ ಅಂತ ಜಗಳಾ ತಗೀಬ್ಯಾಡ್ರಿ ಮತ್ತ.”

“ಹೊಡೀರಿ ಬಿಡಿ. ನಮ್ಮ ಯಜಮಾನರು ಮೂವತ್ತೊಂದು ವರ್ಷ ಹೊಡೆದ್ರು. ಅದು ನಿಂತ ಮೇಲೇ ನೋಡಿ ನನಗೆ ನಿದ್ದೆ ಹಾರಿಹೋಗಿದ್ದು.”

“ಅಯ್ಯ, ಹಂಗಾದ್ರ ಹತ್ತು ದಿನ ಪೊಗದಸ್ತ ನಿದ್ದಿ ಆಗ್ತದ ನಿಮಗ!”

ಬಸ್ಸಿನ ಮುಂದಿನ ನಾಲ್ಕು ಸಾಲು ಒಟ್ಟಿಗೆ ನಕ್ಕವು. ಹಿಂದಿನವರು ಏನಂತೆ, ಏನಂತೆ ಎಂದು ಕೇಳಿ, ಹೇಳಿಸಿಕೊಂಡು, ತಡವಾಗಿ ನಕ್ಕರು.

ಸೆಪ್ಟೆಂಬರಿನ ಕೊನೆಯ ಶನಿವಾರ. ನ್ಯೂಜೆರ್ಸಿಯ ಪ್ಲೇನ್ಸ್‌ಬರೋದ ಕ್ಲಬ್‌ಹೌಸ್ ಮುಂದಿನಿಂದ ಎಂಟೂವರೆಗೆ ಹೊರಟ ಬಸ್ಸು ಕ್ರ್ಯಾನ್‌ಬರಿಯ ಗೋಡೌನುಗಳನ್ನು ದಾಟಿ, ಎಂಟು-ಎ ಎಕ್ಸಿಟ್ ಹತ್ತಿರ ಟರ್ನ್‌ಪೈಕ್ ಹೆದ್ದಾರಿ ಹತ್ತಿ ನ್ಯೂಯಾರ್ಕಿನ ಕಡೆ ಓಡುತ್ತಿತ್ತು. ಒಳಗೆ ಹದಿನಾರು ಜನ ಹಿರಿಯರು. ಎಲ್ಲರೂ ಮಗನ ಮನೆಗೋ ಮಗಳ ಮನೆಗೋ ಆರು ತಿಂಗಳಿಗೆಂದು ಬಂದು, ಈಗ ವಾಪಸು ಹೋಗುವ ದಿನ ಎಣಿಸುತ್ತಿದ್ದವರು. ಇವರ ಬಳಗಕ್ಕೊಂದು ಪದ್ಧತಿಯಿದೆ. ಆರು ತಿಂಗಳು ಮುಗಿಸಿ ಬೆಂಗಳೂರಿಗೆ ಹೊರಟವರು ನೇರವಾಗಿ ಹೋಗುವುದಿಲ್ಲ. ದಾರಿಯಲ್ಲಿ ಒಂದು ದೇಶದಲ್ಲಿ ಇಳಿದು, ಹತ್ತು ದಿನ ಒಟ್ಟಿಗೆ ಸುತ್ತಿ, ಆಮೇಲೆ ಊರು. ಹೋದ ವರ್ಷದ ತಂಡ ಗ್ರೀಸ್ ನೋಡಿತು. ಈ ವರ್ಷ ಟರ್ಕಿ. ಹೋಗುವ ಮೊದಲು ಒಂದು ದಿನ ನ್ಯೂಯಾರ್ಕಿನ ದೊಡ್ಡ ಮ್ಯೂಸಿಯಮ್ಮಿಗೆ ಹೋಗಿ, ಆ ದೇಶದ ಸಾಮಾನುಗಳನ್ನೆಲ್ಲ ನೋಡಿ, ಗೈಡ್ ಹತ್ತಿರ ಪಾಠ ಹೇಳಿಸಿಕೊಂಡು ಬರುವುದೂ ಪದ್ಧತಿಯೇ.

“ಅಲ್ಲಿಗೋಗಿ ಪಿಳಿಪಿಳಿ ಕಣ್ ಬಿಡಬಾರದು ನೋಡಿ, ಅದಕ್ಕೆ,” ಎನ್ನುತ್ತಿದ್ದರು ನಂಜುಂಡಸ್ವಾಮಿಯವರು. ನಂಜನಗೂಡಿನವರು. ವಿದ್ಯುತ್ ಮಂಡಳಿಯಲ್ಲಿ ಇಂಜಿನಿಯರಾಗಿ ನಿವೃತ್ತರಾದವರು. ಇತಿಹಾಸವನ್ನು ಯಾರೂ ಕೇಳದಿದ್ದರೂ ಹೇಳುವವರು.

ವಿಮಾನ ಅಕ್ಟೋಬರ್ ಹದಿನಾಲ್ಕಕ್ಕೆ. ಕೋಣೆಗಿಬ್ಬರಂತೆ ಪಟ್ಟಿ ಮಾಡುವಾಗ ದಂಪತಿಗಳೆಲ್ಲ ತಾವೇ ಜೋಡಿಯಾಗಿ, ಇಬ್ಬರು ಒಂಟಿ ಹೆಂಗಸರು ಉಳಿದಿದ್ದರು: ಧಾರವಾಡದ ಕಾಶಿಬಾಯಿ, ಮೈಸೂರಿನ ಹಂಸಮ್ಮ. ಗೊರಕೆಯ ಮಾತು ಬಂದದ್ದು ಹಾಗೆ.

“ಎಲ್ಲರೂ ಸ್ವಲ್ಪ ಈ ಕಡೆ ನೋಡಿ ಅಂಕಲ್, ಆಂಟಿ!” ಬಸ್ಸಿನ ಮುಂದೆ ಕಂಬಿ ಹಿಡಿದು ನಿಂತ ರಮ್ಯಶ್ರೀ ಕೂಗಿದಳು. ಹಂಸಮ್ಮನ ಒಬ್ಬಳೇ ಮಗಳು. ಗೈಡ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ಮಾಡಿ ಹೇಳುವ ಕೆಲಸವನ್ನು ಈ ಸಲ ಅವಳು ವಹಿಸಿಕೊಂಡಿದ್ದಳು. ಕೈಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಯಂತ್ರ, ಅದರಿಂದ ಇಳಿಬಿದ್ದ ಕಿವಿಯ ತಂತಿ. “ಇದನ್ನ ಕೊರಳಿಗೆ ಹಾಕ್ಕೊಳಿ, ಇದನ್ನ ಕಿವಿಗೆ. ಒಂದನೇ ಚಾನೆಲ್‌ನಲ್ಲಿ ಗೈಡ್ ಎಲಿಫ್ ಇಂಗ್ಲಿಷಲ್ಲಿ ಮಾತಾಡ್ತಾರೆ. ಎರಡನೇ ಚಾನೆಲ್‌ನಲ್ಲಿ ನಾನು ಕನ್ನಡದಲ್ಲಿ. ಯಾರಿಗೆ ಯಾವುದು ಬೇಕು?”

“ಎರಡು!” ಎಂದಿತು ಇಡೀ ಬಸ್ಸು.

“ನಂದು ಮೈಕ್ ಇರೋ ಮೆಷೀನು. ಮ್ಯೂಟ್ ಮಾಡೋಕೆ ಬಟನ್ ಎರಡು ಸೆಕೆಂಡ್ ಒತ್ತಿ ಹಿಡೀಬೇಕಂತೆ, ಸುಮ್ನೆ ಒತ್ತಿಬಿಟ್ರೆ ಆಗಲ್ವಂತೆ. ನಾನು ನಡುವೆ ಕೆಮ್ಮಿದ್ರೆ ನಿಮ್ಮೆಲ್ಲರ ಕಿವೀಲೂ ಕೆಮ್ಮು, ಬೈಬೇಡಿ.”

“ನೀ ಕೆಮ್ಮವ್ವಾ, ಅದನ್ನೂ ಕನ್ನಡದಾಗ ಕೆಮ್ಮು!” ಎಂದರು ಕಾಶಿಬಾಯಿ.

ಹಂಸಮ್ಮ ತಂತಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ತಮಗೇ ಗೊತ್ತಾಗದಂತೆ ಬೆನ್ನು ನೇರ ಮಾಡಿ ಕೂತರು. ಬೇರೆಯವರಿಗೆ ಅದು ಹೊಸ ಆಟಿಕೆ. ಅವರಿಗಲ್ಲ. ಇಪ್ಪತ್ತನೇ ವಯಸ್ಸಿನಲ್ಲಿ ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿ, ಟ್ರಂಕ್ ಬೋರ್ಡಿನ ಮುಂದೆ ಹೆಡ್‌ಸೆಟ್ ತೊಟ್ಟು ಕೂತವರು ಅವರು. ಅರಸೀಕೆರೆಗೆ, ಬೊಂಬಾಯಿಗೆ ಲೈನು ಕೊಟ್ಟವರು. ಹೊಸ ಹುಡುಗಿಯರಿಗೆ ಅಲ್ಲಿನ ಸೂಪರ್‌ವೈಸರ್ ಮೇಡಂ ಮೊದಲ ದಿನ ಹೇಳುತ್ತಿದ್ದ ಪಾಠ ಒಂದೇ: ಲೈನು ಸಿಕ್ಕಿತಾ, ಕೇಳುವ ಕೀ ಎತ್ತು, ಆಮೇಲೆ ಆ ಕಿವಿ ನಿನ್ನದಲ್ಲ. ಆದರೂ ಲೈನು ಸರಿಯಿದೆಯೇ ಎಂದು ನೋಡುವ ಒಂದೆರಡು ಕ್ಷಣಗಳಲ್ಲಿ ಏನೇನೋ ಕಿವಿಗೆ ಬಿದ್ದುಬಿಡುತ್ತಿತ್ತು. ಯಾರದೋ ಸಾವು, ಯಾರದೋ ಮುರಿದ ನಿಶ್ಚಿತಾರ್ಥ. ಮನೆಯವರಿಗಿಂತ ಮೊದಲು ಅದು ಹಂಸಮ್ಮನಿಗೆ ಗೊತ್ತು. ಸಂಜೆ ಅದೇ ಬೀದಿಯಲ್ಲಿ ಆ ಮನೆಯವರು ಎದುರಾದರೆ, “ಏನಮ್ಮ, ಊಟ ಆಯ್ತಾ?” ಎಂದು ನಗುತ್ತ ಕೇಳಿ ಮುಂದೆ ಹೋಗುವುದು. ಒಂದು ಸಲವೂ ತುಟಿ ಬಿಚ್ಚಿದವರಲ್ಲ. ಅದರ ಬಗ್ಗೆ ಅವರಿಗೆ ಒಳಗೊಳಗೇ ಸ್ವಲ್ಪ ಜಂಬವೂ ಇತ್ತು.

ಮಗಳ ಮುಖ ನೋಡುತ್ತ ಕೂತಾಗ ಇನ್ನೊಂದು ಜಂಬವೂ ಸೇರಿಕೊಂಡಿತು. ಎಷ್ಟು ಚೆನ್ನಾಗಿ ಮಾತಾಡುತ್ತಾಳೆ! ಅಳಿಯ ಶ್ರೀಹರ್ಷನೂ ಹಾಗೇ. ಕ್ರ್ಯಾನ್‌ಬರಿಯಲ್ಲಿ ಔಷಧ ಕಂಪನಿಯ ಕೆಲಸ. ಮದುವೆಯಾಗಿ ಒಂಬತ್ತು ವರ್ಷ. ಮಕ್ಕಳಿರಲಿಲ್ಲ, ಆ ವಿಷಯ ಕೇಳುವುದನ್ನು ಹಂಸಮ್ಮ ಮೂರು ವರ್ಷದ ಹಿಂದೆಯೇ ಬಿಟ್ಟಿದ್ದರು. ಈ ಆರು ತಿಂಗಳಲ್ಲಿ ಗಂಡ ಹೆಂಡತಿ ಒಂದು ದಿನವಾದರೂ ದನಿ ಎತ್ತಿದ್ದು ಅವರು ಕೇಳಲಿಲ್ಲ. ಉಪ್ಪಿನ ಡಬ್ಬಿ ದಾಟಿಸಿದರೂ ಥ್ಯಾಂಕ್ಸ್. ಕಾಫಿ ಕೊಟ್ಟರೂ ಥ್ಯಾಂಕ್ಸ್. ಇಂಡಿಯಾದವರ ಜೊತೆ ರಾತ್ರಿ ಕಾಲ್ ಇರುತ್ತದೆಂದು ಅಳಿಯ ಕೆಳಗಿನ ಆಫೀಸ್ ರೂಮಿನಲ್ಲೇ ಮಲಗುತ್ತಿದ್ದ, ಹೆಂಡತಿಯ ನಿದ್ದೆ ಕೆಡಬಾರದಲ್ಲ. ಟರ್ಕಿಯ ವಿಷಯದಲ್ಲಂತೂ ಇಬ್ಬರಿಗೂ ಹಂಸಮ್ಮನಿಗಿಂತ ಹೆಚ್ಚು ಉತ್ಸಾಹ. ನಡೆಯುವ ಶೂ ತಂದವನು ಅವನು, ಜಾಕೆಟ್ ತಂದವಳು ಇವಳು. ದಿನ ಬೆಳಗಾದರೆ ಅವನದೊಂದು ಲೆಕ್ಕ. “ಅತ್ತೆ, ಇನ್ನು ಹದಿನೇಳೇ ದಿನ!” ಎಂದು ಇವತ್ತು ಬೆಳಗ್ಗೆಯೂ ಹೇಳಿ ಕಳಿಸಿದ್ದ.

ಸುರಂಗದ ರಸ್ತೆಯ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು, ಬಸ್ಸಿನಲ್ಲೇ ಚಿತ್ರಾನ್ನದ ಡಬ್ಬಿಗಳು ಖಾಲಿಯಾಗಿ, ಮ್ಯೂಸಿಯಮ್ಮಿನ ಮೆಟ್ಟಿಲ ಬುಡಕ್ಕೆ ಇಳಿದಾಗ ಹನ್ನೊಂದು ಗಂಟೆ. ಎಲಿಫ್ ಅಲ್ಲೇ ಕಾದಿದ್ದಳು. ನಲವತ್ತರ ಆಸುಪಾಸಿನ ಹೆಂಗಸು. ಇಸ್ತಾಂಬುಲ್‌ನಲ್ಲಿ ಹುಟ್ಟಿದವಳು, ಈಗ ಪ್ಯಾಟರ್‌ಸನ್‌ನಲ್ಲಿ ಮನೆ. ಹದಿನಾರೂ ಜನರಿಗೆ ಕೈಮುಗಿದು “ನಮಸ್ಕಾರಾ” ಎಂದಳು, ರಮ್ಯಾ ಹೇಳಿಕೊಟ್ಟಿದ್ದಳು.

ಮೊದಲು ನಿಲ್ಲಿಸಿದ್ದು ಗಾಜಿನ ಹಿಂದಿನ ಒಂದು ದೊಡ್ಡ ಕಾಗದದ ಮುಂದೆ. ನೀಲಿ ಬಣ್ಣ, ಬಂಗಾರದ ಬಣ್ಣ, ಸುರುಳಿ ಸುರುಳಿ.

“ಇದು ಟರ್ಕಿಯ ಸುಲ್ತಾನರ ಸಹಿ,” ಹಂಸಮ್ಮನ ಕಿವಿಯೊಳಗೆ ಮಗಳ ದನಿ ತೀರಾ ಹತ್ತಿರ ಬಂತು, ಸೆರಗು ಹಿಡಿದು ಗುಟ್ಟು ಹೇಳಿದ ಹಾಗೆ. “ಇದರಲ್ಲಿ ಅವರ ಹೆಸರು, ಅವರ ತಂದೆ ಹೆಸರು, ಜೊತೆಗೆ ಸದಾ ಗೆಲ್ಲುವವನು ಅಂತ ಬರೆದಿದೆಯಂತೆ. ಯಾರೂ ನಕಲು ಮಾಡಬಾರದು ಅಂತ ಇಷ್ಟು ಕಷ್ಟ ಮಾಡಿ ಬರೆಯೋದು.”

“ನಮ್ಮ ಮನಿಯವರ ಸಹಿನೂ ಹಿಂಗs ಇತ್ತು,” ಎಂದರು ಕಾಶಿಬಾಯಿ. “ಒಮ್ಮೆ ಬ್ಯಾಂಕಿನವ್ರು ಇದು ನಿಮ್ದಲ್ಲ ಅಂದ್ರು. ಇವರಿಗೂ ಸಂಶೇ ಬಂತು, ಸುಮ್ನ ಮನಿಗೆ ಬಂದ್ರು.”

“ಆ ಸುಲ್ತಾನರ ಹತ್ರಕ್ಕೆ ನಮ್ಮ ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನ ರಾಯಭಾರಿಗಳನ್ನ ಕಳಿಸಿದ್ದ ಗೊತ್ತಾ?” ನಂಜುಂಡಸ್ವಾಮಿ ಶುರು ಮಾಡಿದರು. “ಈ ಸುಲ್ತಾನ ಅಲ್ಲ, ಇವನಾದ ಮೇಲೆ ಎಷ್ಟೋ ತಲೆಮಾರು ಕಳೆದು ಬಂದೋನು. ನೂರಾರು ಜನ ಹಡಗು ಹತ್ತಿದ್ರು. ವಾಪಸ್ ಬಂದೋರು ಬೆರಳೆಣಿಕೆ ಕಣ್ರೀ. ದಾರೀಲೇ ಪ್ಲೇಗು.”

“ಒಂದ ಒಳ್ಳೆ ಮಾತ ಆಡ್ರಿ ಸಾಹೇಬ್ರ! ಹದಿನಾಲ್ಕಕ್ಕ ನಾವೂ ಹೊಂಟೀವಿ!”

ನಗು ಎದ್ದಿತು. ಎಲಿಫ್‌ಗೆ ಏನೆಂದು ತಿಳಿಯದಿದ್ದರೂ ಅವಳೂ ನಕ್ಕಳು. ಅಲ್ಲಿಂದ ಮುಂದಿನ ಕೋಣೆಯಲ್ಲಿ ಗೋಡೆಗೆ ಹಚ್ಚಿದ ಹೆಂಚಿನ ಬಿಲ್ಲೆಗಳು. ಬಿಳಿಯ ಮೇಲೆ ನೀಲಿ ಎಲೆ, ಹಸಿರು ದಂಟು, ಕೆಂಪು ಟ್ಯುಲಿಪ್ ಹೂವು.

“ಈ ಕೆಂಪು ಒಂದು ಥರದ ಮಣ್ಣಿಂದ ಮಾಡ್ತಿದ್ರಂತೆ. ದಪ್ಪಗೆ ಹಚ್ಚೋದ್ರಿಂದ ಸುಟ್ಟ ಮೇಲೂ ಅದು ಉಬ್ಬಿಕೊಂಡೇ ಇರುತ್ತೆ. ಕಣ್ಣು ಮುಚ್ಚಿ ಬೆರಳಾಡಿಸಿದ್ರೂ ಕೆಂಪು ಎಲ್ಲಿದೆ ಅಂತ ಗೊತ್ತಾಗುತ್ತಂತೆ. ಆದ್ರೆ ಇಲ್ಲಿ ಮುಟ್ಟಂಗಿಲ್ಲ ಆಂಟಿ, ಕೈ ಹಿಂದೆ ತಗೊಳಿ.”

“ಇಳಕಲ್ ಸೀರಿ ಸೆರಗಿನ ಕೆಂಪs ಅದ ನೋಡ್ರಿ,” ಎಂದು ಕಾಶಿಬಾಯಿ ಕೈಯನ್ನು ಹಿಂದಕ್ಕೆಳೆದುಕೊಂಡರು.

ಆಗಲೇ ರಮ್ಯಾಳ ಫೋನು ನಡುಗಿದ್ದು. ಅವಳು ಪರದೆ ನೋಡಿದಳು. ಎಲಿಫ್ ಕಡೆ ಒಂದು ಬೆರಳೆತ್ತಿ, ಕೊರಳಿನ ಯಂತ್ರದ ಬಟನ್ನನ್ನು ಒಂದು ಸಲ ಒತ್ತಿ, ಫೋನು ಕಿವಿಗಿಟ್ಟುಕೊಂಡು ಪಕ್ಕದ ಕಮಾನಿನಾಚೆ ಹೋದಳು. ಎಲಿಫ್ ಇಂಗ್ಲಿಷಿನಲ್ಲಿ ಮುಂದುವರಿಸಿದಳು. ಹದಿನಾರು ಜನ ಬಿಲ್ಲೆಗಳನ್ನು ನೋಡುತ್ತ ನಿಂತರು, ಎಲ್ಲರ ಕಿವಿಯಲ್ಲೂ ಎರಡನೇ ಚಾನೆಲ್.

“ಹ್ಞೂ ಹರ್ಷ, ಹೇಳು. ಇಲ್ಲ, ಅಮ್ಮ ಆಕಡೆ ಇದಾಳೆ. ಅಪಾರ್ಟ್‌ಮೆಂಟ್ ಲೀಸ್ ಸೈನ್ ಮಾಡಿದ್ಯಾ?”

ಹಂಸಮ್ಮ ಕತ್ತು ತಿರುಗಿಸಿ ನೋಡಿದರು. ಮಗಳು ಎಲ್ಲೂ ಕಾಣಲಿಲ್ಲ. ದನಿ ಮಾತ್ರ ಕಿವಿಯ ಮಗ್ಗುಲಲ್ಲೇ ಇತ್ತು.

“ಹದಿನೈದಕ್ಕೆ ಮೂವ್ ಇನ್ ಅಂದ್ರೆ ಹದಿನೈದಕ್ಕೇ. ಅದಕ್ಕೆ ಮೊದಲು ಬೇಡ... ಇಲ್ಲ ಹರ್ಷ, ನಾವು ಮಾತಾಡ್ಕೊಂಡಿದೀವಿ. ಅಮ್ಮ ಫ್ಲೈಟ್ ಹತ್ತೋವರೆಗೂ ನೀನು ಮನೇಲೇ ಇರ್ತೀಯ ಅಂತ. ಅವಳು ಟರ್ಕಿ ನೋಡ್ಕೊಂಡು ಖುಷಿಯಾಗಿ ಊರಿಗೆ ಹೋಗ್ಲಿ. ಅಲ್ಲಿ ಸ್ವಲ್ಪ ಸೆಟ್ಲ್ ಆದ್ಮೇಲೆ ಡಿವೋರ್ಸ್ ವಿಷಯ ನಾನೇ ಹೇಳ್ತೀನಿ. ಫೋನಲ್ಲಿ.”

ಫೋನಲ್ಲಿ.

ನಂಜುಂಡಸ್ವಾಮಿಯವರ ಕೈ ಕಿವಿಯ ತನಕ ಹೋಗಿ, ಏನು ಮಾಡಬೇಕೆಂದು ತಿಳಿಯದೆ, ಅಲ್ಲೇ ಕೂದಲು ಸರಿಮಾಡಿತು. ಕಾಶಿಬಾಯಿ ಬಿಲ್ಲೆಗೆ ಮೂಗು ತಾಕುವಷ್ಟು ಹತ್ತಿರ ಹೋಗಿ ನಿಂತರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹಂಸಮ್ಮನ ಮುಖವನ್ನಂತೂ ಯಾರೂ ನೋಡಲಿಲ್ಲ. ಹಾಗೆ ನೋಡದಿರುವುದೇ ಎಲ್ಲರಿಗೂ ಕೇಳಿಸುತ್ತಿದೆ ಎನ್ನುವುದಕ್ಕೆ ಸಾಕ್ಷಿಯಾಗಿತ್ತು.

“ನಂಗೂ ಸಾಕಾಗಿದೆ. ಬೆಳಗ್ಗೆಯಿಂದ ರಾತ್ರಿವರೆಗೂ ನಕ್ಕು ನಕ್ಕು ದವಡೆ ನೋಯತ್ತೆ... ಇಲ್ಲಪ್ಪ, ನಿನ್ ಮೇಲೆ ಕೋಪ ಇಲ್ಲ. ಅದೇ ಕಷ್ಟ. ಕೋಪ ಇದ್ದಿದ್ರೆ ಚೆನ್ನಾಗಿರ್ತಿತ್ತು, ಜಗಳಾನಾದ್ರೂ ಆಡಬಹುದಿತ್ತು. ಏನೂ ಇಲ್ವಲ್ಲ ಹರ್ಷ, ಏನೂ ಉಳಿದಿಲ್ಲ. ಇನ್ನು ಹದಿನೇಳು ದಿನ. ಪ್ಲೀಸ್. ಹದಿನೇಳೇ ದಿನ.”

ಓಡಿಹೋಗಿ ಅವಳ ಬಾಯಿ ಮುಚ್ಚಬೇಕು ಎನಿಸಿತು ಹಂಸಮ್ಮನಿಗೆ. ಕಾಲು ಎತ್ತಿಯೂ ಎತ್ತಿದರು. ಆದರೆ ಹೋಗಿ ಹೇಳುವುದೇನು? ನಿನ್ನ ಮಾತನ್ನು ಹದಿನಾರು ಜನ ಕೇಳುತ್ತಿದ್ದಾರೆ ಎಂದೇ? ಹೇಳಿದ ಕ್ಷಣಕ್ಕೆ ಅದು ಅವಳ ಪಾಲಿಗೆ ನಿಜವಾಗಿಬಿಡುತ್ತದೆ. ಹೇಳದಿದ್ದರೆ ಅವಳ ಮಟ್ಟಿಗಾದರೂ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ತಂತಿಯನ್ನಾದರೂ ಕಿತ್ತುಹಾಕಬಹುದಿತ್ತು. ಅಷ್ಟು ವರ್ಷ ಕೀ ಎತ್ತಿದ ಕೈ ಅದು. ಆ ಹೊತ್ತಿಗೆ ಆ ಕೈಯೂ ಮಾತು ಕೇಳಲಿಲ್ಲ. ಜೀವನದಲ್ಲಿ ಮೊದಲ ಸಲ ಹಂಸಮ್ಮ ಲೈನಿನ ಮೇಲೆ ಕೊನೆಯ ತನಕ ಉಳಿದರು.

“ಸರಿ, ಸಂಜೆ ಆರಕ್ಕೆ ಕ್ಲಬ್‌ಹೌಸ್ ಹತ್ರ ಬಾ. ಹಾಂ, ಅಮ್ಮನಿಗೆ ನೆಕ್ ಪಿಲ್ಲೋ ತರ್ತೀನಿ ಅಂದಿದ್ಯಲ್ಲ, ಮರೀಬೇಡ. ಥ್ಯಾಂಕ್ಸ್.”

ಆ ಥ್ಯಾಂಕ್ಸ್ ಕೇಳಿದಾಗ ಹಂಸಮ್ಮನಿಗೆ ಆರು ತಿಂಗಳ ಥ್ಯಾಂಕ್ಸುಗಳೆಲ್ಲ ಒಂದೊಂದಾಗಿ ನೆನಪಾದವು. ಉಪ್ಪಿನ ಡಬ್ಬಿ, ಕಾಫಿ, ಕೆಳಗಿನ ಆಫೀಸ್ ರೂಮು. ಶೂ. ಜಾಕೆಟ್. ಇನ್ನು ಹದಿನೇಳೇ ದಿನ ಎಂಬ ಲೆಕ್ಕ. ಅವರಿಬ್ಬರೂ ಎಣಿಸುತ್ತಿದ್ದುದು ಏನನ್ನು ಎಂದು ಈಗ ಗೊತ್ತಾಯಿತು. ಮೂರ್ಖಳೇ, ಎಂದುಕೊಂಡರು, ಎಷ್ಟು ಸಭ್ಯರು ಎಂದು ಊರಿನಲ್ಲಿ ತಂಗಿಗೆ ಫೋನು ಮಾಡಿ ಹೇಳಿಕೊಂಡೆಯಲ್ಲ.

ರಮ್ಯಾ ಕಮಾನಿನ ಈಚೆ ಬಂದಳು. ಮುಖದ ಮೇಲೆ ನಗು ಸಿದ್ಧವಾಗಿತ್ತು. “ಸಾರಿ ಸಾರಿ, ಆಫೀಸ್ ಕಾಲ್. ಎಲ್ಲಿದ್ವಿ? ಕೆಂಪು ಬಣ್ಣ ಅಲ್ವಾ?”

“ಹೌದವ್ವಾ, ಕೆಂಪು,” ಎಂದರು ಕಾಶಿಬಾಯಿ. ಅವರ ದನಿ ಆ ದಿನ ಮೊದಲ ಸಲ ಸಣ್ಣಗಾಗಿತ್ತು.

ಆಮೇಲೆ ಇನ್ನೂ ಒಂದು ಗಂಟೆ ಸುತ್ತಿದರು. ಜಮಖಾನೆಗಳು, ಕತ್ತಿಗಳು. ಕೊನೆಯಲ್ಲಿ ಡಮಾಸ್ಕಸ್‌ನಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದ, ಆಟೊಮನ್ ಸುಲ್ತಾನರ ಕಾಲದ ಒಂದಿಡೀ ಕೋಣೆ. ಗೋಡೆಯಿಂದ ಚಾವಣಿಯ ತನಕ ಬಣ್ಣದ ಮರಗೆಲಸ. “ಇದು ಬಂದವರನ್ನ ಕೂರಿಸೋ ಕೋಣೆ,” ಎಂದಿತು ಕಿವಿಯೊಳಗಿನ ದನಿ. “ಮನೇಲಿ ಇರೋ ಚಂದ ಎಲ್ಲಾ ಇಲ್ಲೇ. ಮನೆಯವರು ಬದುಕ್ತಿದ್ದಿದ್ದು ಬೇರೆ ಕೋಣೆಗಳಲ್ಲಂತೆ. ಅಲ್ಲಿಗೆ ಅತಿಥಿಗಳು ಹೋಗ್ತಿರಲಿಲ್ಲ.” ಹಗ್ಗ ಕಟ್ಟಿದ ಬಾಗಿಲಲ್ಲಿ ನಿಂತು ಹಂಸಮ್ಮ ಒಳಗೆ ನೋಡಿದರು. ಮೆತ್ತೆ ಹಾಕಿದ ಕಟ್ಟೆ. ಯಾರೂ ಕೂತಿರಲಿಲ್ಲ. ಆರು ತಿಂಗಳು ನಾನು ಕೂತಿದ್ದೆನಲ್ಲ, ಎಂದುಕೊಂಡರು.

ಹೊರಬಾಗಿಲ ಹತ್ತಿರ ಎಲಿಫ್ ರಟ್ಟಿನ ಡಬ್ಬಿ ಹಿಡಿದು ನಿಂತಳು, ಯಂತ್ರಗಳನ್ನು ವಾಪಸು ಹಾಕಲು. ಮೊದಲು ಬಂದವರು ನಂಜುಂಡಸ್ವಾಮಿ. ಕೊರಳಿನ ದಾರ ತೆಗೆಯುತ್ತ, ಇಡೀ ಹಾಲಿಗೆ ಕೇಳುವಂತೆ ಹೇಳಿದರು.

“ಏನಮ್ಮ ರಮ್ಯಾ, ಇದು ಎಂಥ ಮೆಷೀನು? ಆ ಟೈಲ್ಸ್ ಹತ್ರ ಬಂದಾಗ ಸತ್ತೋಯ್ತು ನೋಡು. ಒಂದಕ್ಷರ ಕೇಳಿಸ್ಲಿಲ್ಲ.”

ಬೆಳಗಿನಿಂದ ಅವಳ ಒಂದೊಂದು ವಾಕ್ಯಕ್ಕೂ ತಿದ್ದುಪಡಿ ಹಾಕಿದವರು ಅವರು, ಟೈಲ್ಸ್ ಆದಮೇಲೂ.

“ಅಯ್ಯೋ, ಹೌದಾ ಅಂಕಲ್?”

“ನಂದೂ ಅಷ್ಟs,” ಕಾಶಿಬಾಯಿ ಹಿಂದಿನಿಂದ ನುಗ್ಗಿದರು. “ಬರೇ ಗುಂಯ್ ಅಂತಿತ್ತವ್ವಾ. ಕಿವ್ಯಾಗ ಜೀರುಂಡಿ ಹೊಕ್ಕಂಗ. ನಾ ತಗದs ಇಟ್ಟುಬಿಟ್ಟೆ.”

ಆಮೇಲೆ ಸಾಲು ಸಾಲಾಗಿ ಎಲ್ಲರ ಕಥೆಯೂ ಅದೇ ಆಯಿತು. ಒಬ್ಬರದು ಬ್ಯಾಟರಿ ಹೋಗಿತ್ತು. ಇನ್ನೊಬ್ಬರು ತಪ್ಪಿ ಒಂದನೇ ಚಾನೆಲ್ಲಿಗೆ ತಿರುಗಿಸಿಕೊಂಡಿದ್ದರು. ಒಂದು ದಂಪತಿ, “ನಾವಾಗ ಬಾತ್‌ರೂಮಿಗೆ ಹೋಗಿದ್ವಿ” ಎಂದರು, ಗಂಡ ಹೆಂಡತಿ ಒಂದೇ ಉಸಿರಿನಲ್ಲಿ. ಎಲಿಫ್ ಗಾಬರಿಯಾದಳು. ಡಬ್ಬಿಯಿಂದ ಒಂದನ್ನು ಎತ್ತಿ, ಒಂದನೇ ಚಾನೆಲ್ಲಿಗೆ ತಿರುಗಿಸಿ ಕಿವಿಗಿಟ್ಟು, ತನ್ನ ಮೈಕಿನಲ್ಲಿ ಹಲೋ ಹಲೋ ಎಂದು ನೋಡಿ, “ಬಟ್ ದಿಸ್ ಈಸ್ ವರ್ಕಿಂಗ್,” ಎಂದಳು.

ನಂಜುಂಡಸ್ವಾಮಿ ಅದನ್ನು ಅವಳ ಕೈಯಿಂದ ತೆಗೆದು, ಮೆಲ್ಲಗೆ ಡಬ್ಬಿಯೊಳಗಿಟ್ಟರು. “ನೋ ನೋ ಮೇಡಂ. ಎವ್ರಿಥಿಂಗ್ ಡೆಡ್. ಐ ಆ್ಯಮ್ ಎಲೆಕ್ಟ್ರಿಕಲ್ ಇಂಜಿನಿಯರ್.”

ರಮ್ಯಾ ತನ್ನ ಕೊರಳಿನ ಯಂತ್ರವನ್ನು ನೋಡಿಕೊಂಡಳು. ಅದರ ಮೂಲೆಯಲ್ಲಿ ಹಸಿರು ದೀಪ ಉರಿಯುತ್ತಿತ್ತು. ಅವಳ ಬೆರಳು ಬಟನ್ನಿನ ಮೇಲೆ ಹೋಗಿ, ಒಂದು ಸಲ ಒತ್ತಿ ಬಿಟ್ಟಿತು. ದೀಪ ಹಸಿರಾಗಿಯೇ ಇತ್ತು. ಒತ್ತಿ ಹಿಡಿದಳು. ಕೆಂಪಾಯಿತು. ತಲೆಯೆತ್ತಿದಾಗ ಸಾಲಿನಲ್ಲಿ ಉಳಿದವರು ಅಮ್ಮ ಒಬ್ಬರೇ.

“ಅಮ್ಮಾ, ನಿಂದು? ನಿಂದೂ ಕೇಳಿಸ್ಲಿಲ್ವಾ?”

“ನಂದು ಬೆಳಗ್ಗೆಯಿಂದಲೇ ಅಷ್ಟಕ್ಕಷ್ಟೆ ಕಣೆ,” ಎಂದರು ಹಂಸಮ್ಮ. “ಮೆಷೀನಿಂದಲ್ಲ, ನನ್ನ ಕಿವೀದೇ ತಪ್ಪಿರಬೇಕು. ಆ ಹೆಡ್‌ಸೆಟ್ ಹಾಕಿ ಹಾಕಿ ಕಿವಿ ಮಂದವಾಗಿದೆ.”

ಮಗಳು ಅವರನ್ನೇ ನೋಡಿದಳು. ಹಂಸಮ್ಮ ದಾರ ಬಿಡಿಸಿಕೊಂಡು, ತಂತಿಯನ್ನು ನೀಟಾಗಿ ಸುತ್ತಿ, ಡಬ್ಬಿಯಲ್ಲಿಟ್ಟರು. ಡ್ಯೂಟಿ ಮುಗಿದಾಗ ಸುತ್ತಿಡುತ್ತಿದ್ದ ಹಾಗೆಯೇ.

ವಾಪಸು ಬರುವಾಗ ಬಸ್ಸಿನಲ್ಲಿ ಕಾಶಿಬಾಯಿ ಎದ್ದು ಹಿಂದಿನ ಸೀಟಿಗೆ ಹೋದರು. “ನೀ ಕೂಡವ್ವಾ ನಿಮ್ಮವ್ವನ ಬಾಜೂಕ. ನಂಗ ಇಲ್ಲಿ ಬಿಸಿಲು,” ಎಂದರು. ಹೊರಗೆ ಮೋಡ ಕವಿದಿತ್ತು. ಹೋಗುತ್ತ ಹಂಸಮ್ಮನ ಮಡಿಲಿಗೆ ಒಂದು ಪೊಟ್ಟಣ ಹಾಕಿದರು. ಬಿಚ್ಚಿದರೆ ಎರಡು ತುಂಡು ಕರದಂಟು. ಬಸ್ಸಿನಲ್ಲಿ ಎಲ್ಲರೂ ಒಮ್ಮೆಗೇ ಹಾಡತೊಡಗಿದರು, ಅಂತ್ಯಾಕ್ಷರಿಯಂತೆ. ಯಾರಿಗೂ ಹಾಡಿನ ಆಸೆಯಿರಲಿಲ್ಲ. ತಾಯಿ ಮಗಳ ಮಾತು ತಮ್ಮ ಕಿವಿಗೆ ಬೀಳದಿರಲಿ ಎಂದು ಹಾಡುತ್ತಿದ್ದರು. ಹಂಸಮ್ಮನಿಗೆ ಅದು ಗೊತ್ತಾಯಿತು. ಇವರೆಲ್ಲರ ಮಕ್ಕಳ ಮನೆಗಳಲ್ಲೂ ಆ ಅತಿಥಿಗಳ ಕೋಣೆಯಂಥದೊಂದು ಇದ್ದೀತು ಎನಿಸಿತು. ಎಲ್ಲರೂ ಕೇಳದವರಾಗಿ ಆರಾರು ತಿಂಗಳು ಕೂತವರೇ.

ಬಸ್ಸು ಸುರಂಗದಿಂದ ಹೊರಬಂದು ಜೆರ್ಸಿಯ ಬೆಳಕಿಗೆ ಬಿದ್ದಾಗ ಹಂಸಮ್ಮ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು.

“ರಮ್ಯಾ. ನನಗ್ಯಾಕೋ ಟರ್ಕಿ ಬೇಡ ಅನ್ಸತ್ತೆ ಕಣೆ.”

“ಯಾಕಮ್ಮ?”

“ಮಂಡಿ ನೋವು. ಅಲ್ಲೆಲ್ಲ ಬರೀ ಮೆಟ್ಟಿಲಂತೆ. ಇನ್ನೊಂದೆರಡು ತಿಂಗಳು ನಿಮ್ಮ ಜೊತೇಲೇ ಇದ್ದುಬಿಡಲಾ? ವೀಸಾ ಎಕ್ಸ್‌ಟೆನ್ಷನ್ ಅಂತ ಏನೋ ಹಾಕ್ತಾರಲ್ಲ.”

ಹಂಸಮ್ಮ ಒಳಗೇ ಲೆಕ್ಕ ಹಾಕಿದ್ದರು. ನಾನು ಇರುವ ತನಕ ಅವನು ಮನೆ ಬಿಡುವುದಿಲ್ಲ. ಎರಡು ತಿಂಗಳು ಎಂದರೆ ಅರವತ್ತು ದಿನ. ಅರವತ್ತು ದಿನದಲ್ಲಿ ಏನು ಬೇಕಾದರೂ ಆಗಬಹುದು. ಒಂದು ಜ್ವರ ಬಂದರೆ ಸಾಕು, ಒಬ್ಬರ ತಲೆಯ ಹತ್ತಿರ ಒಬ್ಬರು ಕೂತರೆ ಸಾಕು.

ಹಿಂದೆ ಯಾರೋ ಹಾಡಿನ ಪದ ಮರೆತು ಲಲಲ ಎನ್ನುತ್ತಿದ್ದರು.

“ಇರಮ್ಮ,” ಎಂದಳು ಕೊನೆಗೆ. “ಇರು. ಅದಕ್ಕೇನು. ನಾನು... ಹರ್ಷನಿಗೆ ಹೇಳ್ತೀನಿ. ಒಳ್ಳೇದೇ ಆಯ್ತಲ್ಲ.”

ಹಂಸಮ್ಮ ತಿರುಗಿ ನೋಡಿದರು. ಮಗಳು ನಗುತ್ತಿದ್ದಳು. ಕೆನ್ನೆಯ ಕೆಳಗೆ, ದವಡೆಯ ಹತ್ತಿರ, ಒಂದು ಸಣ್ಣ ನರ ಪಟಪಟ ಹಾರುತ್ತಿತ್ತು. ಕೈ ಫೋನು ಹಿಡಿದಿತ್ತು, ಫೋನು ತಲೆಕೆಳಗಾಗಿತ್ತು. ಅವಳು ಬೇಡ ಎನ್ನುವುದಿಲ್ಲ ಎಂದು ಹಂಸಮ್ಮನಿಗೆ ತಿಳಿಯಿತು. ಅರವತ್ತು ದಿನ ಎಂದರೆ ಅರವತ್ತು ದಿನವೂ ನಗುತ್ತಾಳೆ. ಆರನೇ ವಯಸ್ಸಿನಲ್ಲಿ ಜ್ವರ ಬಂದಾಗ, ಅಮ್ಮನಿಗೆ ಡ್ಯೂಟಿ ತಪ್ಪುತ್ತದೆಂದು ಸ್ಕೂಲಿಗೆ ಹೋಗುತ್ತೇನೆ ಎಂದು ಹೀಗೇ ನಕ್ಕವಳು. ಜ್ವರ ಬಂದರೂ ಇಬ್ಬರೂ ತಲೆಯ ಹತ್ತಿರ ಕೂರುತ್ತಾರೆ, ಥ್ಯಾಂಕ್ಸ್ ಎನ್ನುತ್ತಾರೆ. ಇದ್ದರೆ ಅವಳನ್ನು ಹಿಂಡಿದ ಹಾಗೆ. ಹೋದರೆ ಮಾರನೆಯ ಬೆಳಗ್ಗೆ ಆ ಮನೆ ಎರಡಾಗುತ್ತದೆ. ಮೂರನೆಯ ದಾರಿಯೊಂದಿದೆಯೇ ಎಂದು ಟರ್ನ್‌ಪೈಕಿನ ಎರಡು ಮೈಲಿ ಉದ್ದಕ್ಕೂ ಹುಡುಕಿದರು. ಸಿಗಲಿಲ್ಲ.

“ತಮಾಷೆಗೆ ಅಂದೆ ಕಣೆ,” ಎಂದರು. “ಟಿಕೆಟ್ ಆಗಿದೆ. ಕಾಶಿಬಾಯಿ ಒಬ್ಬರೇ ಗೊರಕೆ ಹೊಡ್ಕೊಂಡು ಏನ್ಮಾಡ್ತಾರೆ? ಹೋಗ್ತೀನಿ.”

ಮಗಳ ಉಸಿರು ಹೊರಬಂದದ್ದು ಕೇಳಿಸಿತು. ಕಿವಿ ಮಂದವಾಗಿರಲಿಲ್ಲ.

“ಅಮ್ಮಾ.”

“ಏನೇ?”

“ನಿಂಗೆ ಆಗ... ಏನಿಲ್ಲ ಬಿಡು.”

“ಏನಿಲ್ಲ ಅಲ್ವಾ? ಸರಿ. ಕರದಂಟು ತಿನ್ನು,” ಎಂದು ಹಂಸಮ್ಮ ಒಂದು ತುಂಡು ಮುರಿದು ಅವಳ ಕೈಗಿಟ್ಟರು. ಅವಳು ತಿಂದಳು. ಆರರ ಮಗುವಿನ ಹಾಗೆ, ಕೊನೆಯ ಚೂರಿನ ತನಕ. ತಿಂದು, ತಲೆಯನ್ನು ಅಮ್ಮನ ಹೆಗಲಿಗೆ ಒರಗಿಸಿದಳು. ನಿದ್ದೆ ಬಂತೋ ಕಣ್ಣು ಮುಚ್ಚಿದ್ದಳೋ, ಹಂಸಮ್ಮ ನೋಡಲು ಹೋಗಲಿಲ್ಲ. ಕ್ರ್ಯಾನ್‌ಬರಿ ಬರುವ ತನಕ ಹೆಗಲನ್ನು ಅಲುಗಿಸದೆ ಕೂತರು.

ಕ್ಲಬ್‌ಹೌಸಿನ ಮುಂದೆ ಮಕ್ಕಳ ಕಾರುಗಳು ಸಾಲಾಗಿ ನಿಂತಿದ್ದವು. ಇಳಿಯುವಾಗ ನಂಜುಂಡಸ್ವಾಮಿ, ಅಷ್ಟು ಮಾತಿನ ಮನುಷ್ಯ, ಹಂಸಮ್ಮನಿಗೆ ಸುಮ್ಮನೆ ಕೈಮುಗಿದರು. ಕಾಶಿಬಾಯಿ ಅವರ ಮುಂಗೈ ಹಿಡಿದು, “ಟರ್ಕ್ಯಾಗ ನಾ ಮಲಗೂದೇ ಇಲ್ಲ ಬಿಡ್ರಿ. ಇಬ್ಬರೂ ಕೂತs ಇರೋಣು,” ಎಂದು ಹೋದರು.

ಶ್ರೀಹರ್ಷ ಕಾರಿನ ಪಕ್ಕ ನಿಂತಿದ್ದ. ಕೈಯಲ್ಲಿ ಹೊಸ ನೆಕ್ ಪಿಲ್ಲೋ, ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು.

“ಬನ್ನಿ ಅತ್ತೆ! ಟರ್ಕಿ ಪಾಠ ಹೇಗಿತ್ತು? ಪಾಸಾದ್ರಾ?”

“ಪಾಸು ಕಣಪ್ಪ.”

“ನೋಡಿ, ಇದು ನಿಮಗೆ. ಇನ್ನು ಹದಿನೇಳೇ ದಿನ!”

“ಹೌದಪ್ಪ,” ಎಂದರು ಹಂಸಮ್ಮ. “ಹದಿನೇಳೇ ದಿನ. ಬೇಗ ಹೋಗಿಬಿಡುತ್ತೆ, ನೋಡ್ತಿರು.”

ಅವನು ನಕ್ಕು, ಪಕ್ಕಕ್ಕೆ ಬಂದು ನಿಂತ ರಮ್ಯಾಳ ಹೆಗಲ ಮೇಲೆ ಕೈಯಿಟ್ಟ, ಅತ್ತೆಯ ಕಣ್ಣೆದುರು ದಿನಾ ಇಡುವ ಹಾಗೆ. ಹಂಸಮ್ಮ ಹಿಂದಿನ ಸೀಟಿಗೆ ಹತ್ತಿ, ನೆಕ್ ಪಿಲ್ಲೋವನ್ನು ಕೊರಳಿಗೆ ಹಾಕಿಕೊಂಡರು. ಆಮೇಲೆ, ಅವನಿಗೆ ಕೈ ತೆಗೆಯಲು ಅನುಕೂಲವಾಗಲಿ ಎಂದು, ಮುಖವನ್ನು ಆಚೆಗೆ ತಿರುಗಿಸಿದರು. ಆಚೆ ಬದಿಯ ಗಾಜಿನಲ್ಲಿ ಇಬ್ಬರ ಬಿಂಬವೂ ಬಿದ್ದಿತ್ತು. ಕೈ ಇಳಿಯಿತು.